ಹಳೆಯ ಮಹಾಗನಿ ಕುರ್ಚಿಯ ಬೆನ್ನಹಿಂದಿನ ಚೌಕ ಗುರುತು

ಪ್ರಶ್ನೆ: ನಮಸ್ಕಾರ ಸರ್. ನಾವು ನ್ಯೂಜೆರ್ಸಿಯಲ್ಲಿ ವಾಸವಾಗಿದ್ದೇವೆ. ನೆರೆಮನೆಯ ಹಿರಿಯರೊಬ್ಬರು ಮನೆ ಖಾಲಿ ಮಾಡುವಾಗ ತೋಳಿಲ್ಲದ ಮಹಾಗನಿ ಕುರ್ಚಿಯೊಂದನ್ನು ನಮಗೆ ಕೊಟ್ಟರು. ಅದರ ಬಾಗಿದ ಮುಂಗಾಲುಗಳ ತುದಿಯಲ್ಲಿ ಚೆಂಡನ್ನು ಹಿಡಿದ ಪಂಜವಿದೆ. ಹಿಂಗಾಲುಗಳ ಹಿಂಬದಿಯಲ್ಲಿ, ಆಸನದ ಮಟ್ಟಕ್ಕೆ, ತೇಪೆ ಹಾಕಿದಂತೆ ಒಂದೊಂದು ಚೌಕ ತುಂಡು ಕಾಣುತ್ತದೆ. ಇದು ದುರಸ್ತಿಯ ಗುರುತೇ? ಕುರ್ಚಿ ಸ್ವಲ್ಪ ಅಲ್ಲಾಡುವುದರಿಂದ ಮೊಳೆ ಹೊಡೆಸಬಹುದೇ?

ಉತ್ತರ: ನಮಸ್ಕಾರ. ದಯವಿಟ್ಟು ಮೊಳೆ ಹೊಡೆಸಬೇಡಿ. ನೀವು ತೇಪೆ ಎಂದುಕೊಂಡಿರುವುದು ಬಹುಪಾಲು ಈ ಕುರ್ಚಿಯ ಮೂಲ ಕೆಲಸವೇ. ಆಸನದ ಪಕ್ಕದ ಪಟ್ಟಿಯ ತುದಿಯನ್ನು ನಾಲಿಗೆಯಂತೆ ತೆಳ್ಳಗೆ ಕೊಯ್ದು, ಹಿಂಗಾಲಿನಲ್ಲಿ ಆರಪಾರ ತೂತು ಕೊರೆದು, ಆ ನಾಲಿಗೆಯನ್ನು ಹಿಂಬದಿಯವರೆಗೂ ತೂರಿಸಿದ್ದಾರೆ. ನಿಮಗೆ ಕಾಣುತ್ತಿರುವುದು ಅದರ ತುದಿ. ಹದಿನೆಂಟನೆಯ ಶತಮಾನದ ಫಿಲಡೆಲ್ಫಿಯಾ ಬಡಗಿಗಳ ರೂಢಿಯಿದು. ಬಾಸ್ಟನ್ನಿನವರು ಸಾಮಾನ್ಯವಾಗಿ ನಾಲಿಗೆಯನ್ನು ಕಾಲಿನ ಒಳಗೇ ನಿಲ್ಲಿಸುತ್ತಿದ್ದರು, ಕಾಲುಗಳ ನಡುವೆ ಅಡ್ಡಪಟ್ಟಿಗಳನ್ನೂ ಹೆಚ್ಚಾಗಿ ಕೊಡುತ್ತಿದ್ದರು. ಫಿಲಡೆಲ್ಫಿಯಾದವರು ತಮ್ಮ ಕೂಡಿಕೆಯ ಬಲವನ್ನು ನಂಬಿ ಅಡ್ಡಪಟ್ಟಿಯನ್ನು ಬಿಟ್ಟರು, ಹಿಂಗಾಲನ್ನು ಕೆಳಭಾಗದಲ್ಲಿ ಉರುಟಾಗಿಸಿದರು.

ಇಂಥ ಕುರ್ಚಿಗಳನ್ನು ಚಿಪ್ಪೆಂಡೇಲ್ ಶೈಲಿಯವೆಂದು ಕರೆಯುತ್ತಾರೆ. ಲಂಡನ್ನಿನ ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ಪ್ರಕಟಿಸಿದ ವಿನ್ಯಾಸ ಪುಸ್ತಕದಿಂದ ಬೆನ್ನಿನ ಜಾಲರಿ ಮಾದರಿಗಳು ಅಮೆರಿಕದವರೆಗೂ ಹೋದದ್ದು ನಿಜ. ಆದರೆ ಚೆಂಡು ಹಿಡಿದ ಪಂಜ ಆ ಪುಸ್ತಕದಲ್ಲಿಲ್ಲ, ಅದು ಅದಕ್ಕಿಂತ ಹಳೆಯ ರೂಢಿ. ಆದುದರಿಂದ ಕೆತ್ತನೆಯನ್ನು ಮಾತ್ರ ನೋಡಿ ಊರನ್ನು ಹೇಳುವುದು ಕಷ್ಟ. ನಾನಾದರೆ ಕುರ್ಚಿಯನ್ನು ಮೊದಲು ಮಗುಚಿ ಹಾಕುತ್ತೇನೆ.

ಪ್ರಶ್ನೆ: ನೀವು ಹೇಳಿದಂತೆ ಮಗುಚಿ ನೋಡಿದೆ ಸರ್. ಎತ್ತಿ ತೆಗೆಯಬಹುದಾದ ಮೆತ್ತೆಯ ಚೌಕಟ್ಟಿನ ಮೇಲೆಯೂ, ಅದು ಕೂರುವ ಪಟ್ಟಿಯ ಒಳಗೂ ಉಳಿಯಿಂದ ಕಚ್ಚಿದ ನಾಲ್ಕು ಗೀರುಗಳಿವೆ. ಮುಂಗಾಲಿನ ಒಳಮೂಲೆಯಲ್ಲಿ ವೃತ್ತದ ನಾಲ್ಕನೆಯ ಒಂದು ಭಾಗದಂತಿರುವ, ನೆಟ್ಟಗೆ ನಿಂತ ಮರದ ತುಂಡುಗಳಿವೆ.

ಉತ್ತರ: ಬಹಳ ಸಂತೋಷ. ಕುರ್ಚಿಗಳನ್ನು ಆಗ ಹಲವು ಒಟ್ಟಿಗೆ, ಒಂದು ಸೆಟ್ಟಾಗಿ ಮಾಡುತ್ತಿದ್ದರು. ಒಂದರ ಮೆತ್ತೆ ಇನ್ನೊಂದಕ್ಕೆ ಸರಿಯಾಗಿ ಕೂರದ ಕಾರಣ ಪ್ರತಿ ಕುರ್ಚಿಗೂ ಅದರ ಮೆತ್ತೆಗೂ ಒಂದೇ ಅಂಕಿ ಕಚ್ಚುತ್ತಿದ್ದರು. ನಿಮ್ಮದು ನಾಲ್ಕನೆಯದು, ಮೆತ್ತೆಯೂ ಅದರದೇ ಇರಬೇಕು. ಮೂಲೆಯ ಆ ನೆಟ್ಟನೆಯ ತುಂಡುಗಳೂ ಫಿಲಡೆಲ್ಫಿಯಾದತ್ತಲೇ ಬೆರಳು ತೋರುತ್ತವೆ. ಆದರೂ ಕಾಲದ ಬಗ್ಗೆ ಆತುರಪಡಬೇಡಿ. 1876ರಲ್ಲಿ ಅಮೆರಿಕದ ಸ್ವಾತಂತ್ರ್ಯಕ್ಕೆ ನೂರು ವರ್ಷ ತುಂಬಿದ ಹೊತ್ತಿನಿಂದ ಇದೇ ಮಾದರಿಯ ನಕಲುಗಳು ಹೇರಳವಾಗಿ ಬಂದವು. ಪಟ್ಟಿಗಳ ಒಳಮೈಯಲ್ಲಿ ಬಿಲ್ಲಿನಂತೆ ಬಾಗಿದ ಗರಗಸದ ಗೀರುಗಳಿದ್ದರೆ ಅದು ಯಂತ್ರದ ಚಕ್ರಗರಗಸದ ಕೆಲಸ, ಅಂದರೆ ಹತ್ತೊಂಬತ್ತನೆಯ ಶತಮಾನದ್ದೋ ಆಮೇಲಿನದೋ. ನೇರವಾದ, ಏರುಪೇರಾದ ಗೀರುಗಳೋ ಕೀಸುಳಿಯ ತಗ್ಗುಗಳೋ ಕೈಗೆ ಹತ್ತಿದರೆ ಭರವಸೆ ಹೆಚ್ಚು.

ಅಲ್ಲಾಟಕ್ಕೆ ಸಾಮಾನ್ಯ ಕಾರಣ ಒಣಗಿ ಪುಡಿಯಾದ ಮರವಜ್ರ. ಪ್ರಾಣಿಗಳ ಚರ್ಮವನ್ನು ಕುದಿಸಿ ಮಾಡಿದ ಈ ಅಂಟು ಬಿಸಿ ಮತ್ತು ತೇವಕ್ಕೆ ಸಡಿಲವಾಗುತ್ತದೆ. ಆದ್ದರಿಂದ ಬಲ್ಲವರು ಕೂಡಿಕೆಯನ್ನು ಬಿಚ್ಚಿ, ತೊಳೆದು, ಅದೇ ಅಂಟಿನಿಂದ ಮತ್ತೆ ಕೂಡಿಸಬಲ್ಲರು. ಮೊಳೆ ಹೊಡೆದರೆ ನಾಲಿಗೆ ಸೀಳುತ್ತದೆ. ಎಪಾಕ್ಸಿ ಎಂಬ ರಾಸಾಯನಿಕ ಅಂಟು ಹಾಕಿದರೆ ಮುಂದಿನ ಸಲ ಮರ ಮುರಿಯದೆ ಕೂಡಿಕೆ ಬಿಚ್ಚುವುದು ಬಹಳ ಕಷ್ಟ. ದುರಸ್ತಿಯಾಗುವವರೆಗೆ ಕುರ್ಚಿಯನ್ನು ಬೆನ್ನಿನ ಮೇಲುಪಟ್ಟಿ ಹಿಡಿದು ಎತ್ತಬೇಡಿ, ಆಸನದ ಪಟ್ಟಿಗಳಿಗೆ ಕೈಕೊಟ್ಟು ಎತ್ತಿರಿ.