ಸಹಾಯ ಬೇಕು: ದಾವಣಗೆರೆಯಲ್ಲಿ ಗ್ಯಾಂಗ್ಲಿಯೊಸೈಡ್ ಆಂಟಿಬಾಡಿ ಟೆಸ್ಟ್ ಎಲ್ಲಿ ಮಾಡ್ತಾರೆ?

ನಮಸ್ಕಾರ. ಅಮ್ಮನಿಗೆ ಹಾಶಿಮೊಟೊ ಥೈರಾಯ್ಡ್ (ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಮೇಲೆ ದಾಳಿ ಮಾಡುವ ಕಾಯಿಲೆ), ಆರು ವರ್ಷ ಆಯಿತು. ಖಾಲಿ ಹೊಟ್ಟೆಯ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ, ಟಿಎಸ್‌ಎಚ್ ಸರಿಯಾಗೇ ಇದೆ. ಆದರೂ ಎರಡು ತಿಂಗಳಿಂದ ಪಾದ ಜೋಮು. ಮೊನ್ನೆ ಒಂದು ಚಪ್ಪಲಿ ಬಾಗಿಲಲ್ಲೇ ಕಳಚಿಕೊಂಡಿದೆ, ಇವರು ಗೊತ್ತಾಗದೆ ಅಂಗಡಿವರೆಗೂ ನಡೆದಿದ್ದಾರೆ! ಸಕ್ಕರೆ, ಬಿ12 ಎರಡೂ ನಾರ್ಮಲ್.

ನರದ ಡಾಕ್ಟರು ಈ ಟೆಸ್ಟ್ ಬರೆದಿದ್ದಾರೆ. ಹಾಶಿಮೊಟೊಗೆ ನೋಡುವ ಟಿಪಿಒ ಆಂಟಿಬಾಡಿ ಥೈರಾಯ್ಡಿನ ಪ್ರೋಟೀನಿಗೆ ಅಂಟುತ್ತದೆ. ಗ್ಯಾಂಗ್ಲಿಯೊಸೈಡ್ ಆಂಟಿಬಾಡಿ ಬೇರೆ, ಜೀವಕೋಶದ ಹೊರಮೈಯಲ್ಲಿರುವ ಸಕ್ಕರೆ ಸೇರಿದ ಕೊಬ್ಬಿಗೆ ಅಂಟುವಂಥದ್ದು. ನರಗಳಲ್ಲಿ ಆ ಕೊಬ್ಬು ಜಾಸ್ತಿ. ಒಂದು ಲ್ಯಾಬಿನವರು ಚೀಟಿ ಸರಿಯಾಗಿ ನೋಡದೆ ಸುಮ್ನೆ ಟಿಪಿಒ ಮತ್ತೆ ಮಾಡಿಕೊಟ್ಟರು. ದುಡ್ಡು ದಂಡ.

ಜಿಎಂ1 (ಗ್ಯಾಂಗ್ಲಿಯೊಸೈಡಿನ ಒಂದು ಬಗೆ) ಸೇರಿದ ಪೂರ್ತಿ ಪ್ಯಾನೆಲ್‌ಗೆ ಇಲ್ಲೇ ರಕ್ತ ತೆಗೆದು ಬೆಂಗಳೂರಿಗೆ ಕಳಿಸುವವರು ಇದ್ದಾರಾ? ಪಿ.ಜೆ. ಬಡಾವಣೆ ಕಡೆಯಾದರೆ ಅಮ್ಮನಿಗೆ ಓಡಾಟ ಕಡಿಮೆ. ಎಷ್ಟಾಗುತ್ತದೆ, ರಿಪೋರ್ಟ್ ಎಷ್ಟು ದಿನಕ್ಕೆ? ಮಾಡಿಸಿದವರು ದಯವಿಟ್ಟು ತಿಳಿಸಿ.