ಅಪ್‌ಡೇಟ್: ಆಪರೇಷನ್ ನಂತರ ಅವ್ವನ ಹೊಟ್ಟೆನೋವು

ಗರ್ಭಕೋಶ ತೆಗೆಸಿದ ಮೇಲೆ ನಮ್ಮ ಅವ್ವನಿಗೆ ಆಗಾಗ ಹೊಟ್ಟೆ ಹಿಂಡಿದಂತೆ ನೋವು ಬರುತ್ತದೆ, ಒಳಗೆ ಕರುಳು ಅಂಟಿಕೊಂಡಿರಬಹುದಾ ಎಂದು ಕೇಳಿದ್ದೆ. ಕಲಬುರಗಿಯಲ್ಲೇ ಸರ್ಜನ್ ಒಬ್ಬರಿಗೆ ತೋರಿಸಿದೆವು. ಅದೇ ಇರಬಹುದು ಎಂದರು. ಈ ಅಂಟು ಸ್ಕ್ಯಾನ್‌ನಲ್ಲಿ ನೇರವಾಗಿ ಕಾಣುವುದು ಕಡಿಮೆಯಂತೆ. ರಿಪೋರ್ಟ್ ನಾರ್ಮಲ್ ಬಂತು ಅಂತ ನೋವು ಸುಳ್ಳಾಗುವುದಿಲ್ಲ, ಅಲ್ವಾ?

ಹೊಟ್ಟೆಯೊಳಗಿನ ತೆಳು ಪೊರೆಗೆ ಪೆಟ್ಟಾದಾಗ ಫೈಬ್ರಿನ್ ಎಂಬ ಅಂಟು ಪದಾರ್ಥ ಕಟ್ಟಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಅದು ಕರಗಬೇಕು. ಕರಗದಿದ್ದರೆ ಗಟ್ಟಿಯಾಗಿ, ಕರುಳನ್ನು ಪಕ್ಕದ ಅಂಗಕ್ಕೋ ಹೊಟ್ಟೆಯ ಗೋಡೆಗೋ ಹಿಡಿದುಬಿಡುತ್ತದೆ. ಒಳಗೆ ರಕ್ತ ಉಳಿಯುವುದು, ಸೋಂಕು, ಆಪರೇಷನ್ ವೇಳೆ ಕರುಳಿನ ಮೇಲ್ಮೈ ಒಣಗುವುದು, ಗ್ಲೌಸ್‌ನ ಪೌಡರ್, ಎಲ್ಲವೂ ಇದನ್ನು ಜಾಸ್ತಿ ಮಾಡುತ್ತವೆ. ಅಮೆರಿಕ 2017ರಲ್ಲಿ ಪೌಡರ್ ಗ್ಲೌಸ್ ನಿಷೇಧಿಸಿದ್ದಕ್ಕೆ ಇದೂ ಒಂದು ಕಾರಣ.

ತಡೆಯುವುದು ಹೆಚ್ಚಾಗಿ ಸರ್ಜನ್ ಕೈಯಲ್ಲೇ ಇದೆ. ಪೂರ್ತಿ ತಡೆಯಲು ಆಗುವುದಿಲ್ಲ. ಆದರೂ ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಇದ್ದರೆ, ಲ್ಯಾಪ್ರೋಸ್ಕೋಪಿ (ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್) ಆಗುತ್ತದಾ, ಅಂಟದಂತೆ ನಡುವೆ ಇಡುವ ಪದರ ಬೇಕಾಗುತ್ತದಾ ಎಂದು ಮೊದಲೇ ಕೇಳಿ. ಕೇಳಲು ಸಂಕೋಚ ಬೇಡ.

ಅವ್ವನಿಗೆ ಸದ್ಯ ಮತ್ತೆ ಆಪರೇಷನ್ ಬೇಡ ಎಂದಿದ್ದಾರೆ. ಬಿಡಿಸಿದ ಜಾಗದಲ್ಲೇ ಹೊಸದಾಗಿ ಅಂಟಬಹುದು. ಸ್ವಲ್ಪಸ್ವಲ್ಪವೇ ಊಟ, ಚೆನ್ನಾಗಿ ಅಗಿದು ತಿನ್ನುವುದು, ನಮ್ಮ ಈ ಬಿಸಿಲಿಗೆ ನೀರು ಜಾಸ್ತಿ. ಆದರೆ ಹೊಟ್ಟೆ ಉಬ್ಬಿ, ವಾಂತಿಯಾಗಿ, ಗ್ಯಾಸೂ ಹೋಗದಿದ್ದರೆ ಕರುಳು ಕಟ್ಟಿರಬಹುದು. ಆಗ ಅಜವಾನ, ಸೋಡಾ ಅಂತ ಸುಮ್ನೆ ಕಾಯದೆ ನೇರ ಎಮರ್ಜೆನ್ಸಿಗೆ ಹೋಗಿ.