'ನಿಯಂತ್ರಣ'ವೋ 'ಉಸ್ತುವಾರಿ'ಯೋ: ಡೊಮೇನ್ ಹೆಸರುಗಳ ಮಟ್ಟಿಗೆ ಯಾವ ಪದ ಸರಿ?

ಎಲ್ಲರಿಗೂ ನಮಸ್ಕಾರ. ಒಂದು ಪದ ಮೂರು ದಿನದಿಂದ ಕಾಡುತ್ತಿದೆ, ನಿಮ್ಮ ಸಹಾಯ ಬೇಕು.

ಇಂಟರ್ನೆಟ್ಟಿನ ಡೊಮೇನ್ ಹೆಸರುಗಳನ್ನು, ಅಂದರೆ ಡಾಟ್ ಕಾಮ್, ಡಾಟ್ ಆರ್ಗ್ ಎಂದೆಲ್ಲ ಕೊನೆಯಾಗುವ ವೆಬ್ ವಿಳಾಸದ ಹೆಸರುಗಳನ್ನು, ಯಾರು, ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದನ್ನು ಹೈಸ್ಕೂಲ್ ಮಕ್ಕಳಿಗೂ ತಿಳಿಯುವ ಹಾಗೆ ಬರೆಯಲು ಕೂತಿದ್ದೇನೆ. 'ಜಗತ್ತಿನ ಡೊಮೇನ್ ಹೆಸರುಗಳನ್ನು ಐಕ್ಯಾನ್ ಎಂಬ ಸಂಸ್ಥೆ ನಿಯಂತ್ರಿಸುತ್ತದೆ' ಎಂದು ಮೊದಲ ವಾಕ್ಯ ಬರೆದೆ. ಅಲ್ಲೇ ನಿಂತೆ. ಇಂಗ್ಲಿಷಿನವರು ಇಲ್ಲಿ ಗವರ್ನೆನ್ಸ್ ಅನ್ನುತ್ತಾರೆ, ಕೋಆರ್ಡಿನೇಶನ್ ಅನ್ನುತ್ತಾರೆ. ನಾವು ಎರಡಕ್ಕೂ 'ನಿಯಂತ್ರಣ' ಎಂದು ಬರೆದು ಮುಂದೆ ಹೋಗುತ್ತೇವೆ. ಆದರೆ ನಿಯಂತ್ರಣ ಅಂದ ಕೂಡಲೇ ಓದುವವರ ಕಣ್ಣಿಗೆ ಬರುವುದು ಒಂದು ಸ್ವಿಚ್, ಅದರ ಮೇಲೆ ಕೈಯಿಟ್ಟುಕೊಂಡು ಕೂತ ಒಬ್ಬ ಮನುಷ್ಯ. ಅಂಥ ಸ್ವಿಚ್ಚೂ ಇಲ್ಲ, ಅಂಥ ಮನುಷ್ಯನೂ ಇಲ್ಲ.

2022ರಲ್ಲಿ ಯುದ್ಧ ಶುರುವಾದ ಕೆಲವೇ ದಿನಕ್ಕೆ ಉಕ್ರೇನ್ ಸರ್ಕಾರದ ಕಡೆಯಿಂದ ಐಕ್ಯಾನ್‌ಗೆ ಒಂದು ಪತ್ರ ಹೋಯಿತು. ರಷ್ಯಾದ ಡಾಟ್ ಆರ್‌ಯು ಮತ್ತು ಅದರ ಜೊತೆಯ ದೇಶದ ಹೆಸರುಗಳನ್ನು ರದ್ದು ಮಾಡಿ ಎಂದು. ಐಕ್ಯಾನ್ ಆಗುವುದಿಲ್ಲ ಎಂದಿತು. ಇಂಟರ್ನೆಟ್ ಕೆಲಸ ಮಾಡುತ್ತಿರುವ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ, ಅದನ್ನು ನಿಲ್ಲಿಸಲು ನಮ್ಮ ಸ್ಥಾನವನ್ನು ಬಳಸುವಂತಿಲ್ಲ ಅನ್ನುವುದು ಆ ಉತ್ತರದ ಸಾರ. ಆ ಉತ್ತರ ಸರಿಯೋ ತಪ್ಪೋ ಅನ್ನುವುದು ಬೇರೆ ಚರ್ಚೆ. ಪದದ ಮಟ್ಟಿಗೆ ಕೇಳುತ್ತೇನೆ: ಇದನ್ನು ನಿಯಂತ್ರಣ ಅಂತ ಕರೆಯೋಕೆ ಬರುತ್ತದಾ?

ಹಾಗಾದರೆ 'ಸಮನ್ವಯ' ಅನ್ನೋಣ ಎಂದುಕೊಂಡೆ. ಒಂದು ಕಡೆಯಿಂದ ಅದು ಚೆನ್ನಾಗಿ ಕೂರುತ್ತದೆ. ಯಾವ ಹೆಸರಿನ ವಿಷಯ ಯಾರನ್ನು ಕೇಳಬೇಕು ಎಂದು ತಿಳಿಸುವ, ಎಲ್ಲಕ್ಕೂ ಮೇಲಿರುವ ರೂಟ್ ಸರ್ವರ್‌ಗಳಿಗೆ ಎ ಯಿಂದ ಎಂ ವರೆಗೆ 13 ಹೆಸರು. ನಡೆಸುವ ಸಂಸ್ಥೆಗಳು 12. ಅವುಗಳಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಿವೆ, ನಾಸಾ ಇದೆ, ಅಮೆರಿಕದ ಸೇನೆಯ ಪ್ರಯೋಗಾಲಯ ಇದೆ, ಸ್ವೀಡನ್, ನೆದರ್ಲೆಂಡ್ಸ್, ಜಪಾನಿನ ಸಂಸ್ಥೆಗಳಿವೆ. ಐಕ್ಯಾನ್ ಕೈಯಲ್ಲಿರುವುದು 'ಎಲ್' ಒಂದೇ. ಉಳಿದವರಿಗೆ ಅದು ಅಪ್ಪಣೆ ಕೊಡುವ ಹಾಗಿಲ್ಲ. ಎಲ್ಲರೂ ಒಂದೇ ಪಟ್ಟಿಯನ್ನು ಹಂಚುತ್ತಾರೆ, ಯಾಕೆಂದರೆ ಎಲ್ಲರಿಗೂ ಅದೇ ಬೇಕು.

ಆದರೆ ಸಮನ್ವಯ ಅಂದರೆ ಮೆತ್ತಗಾಯಿತು. 2019ರಲ್ಲಿ ಡಾಟ್ ಆರ್ಗ್ ನಡೆಸುವ ಸಂಸ್ಥೆಯನ್ನು ಒಂದು ಖಾಸಗಿ ಹೂಡಿಕೆ ಕಂಪನಿಗೆ ನೂರು ಕೋಟಿ ಡಾಲರಿಗೂ ಜಾಸ್ತಿ ಬೆಲೆಗೆ ಮಾರುವ ಮಾತಾಗಿತ್ತು. 2020ರ ಏಪ್ರಿಲ್ 30ರಂದು ಐಕ್ಯಾನ್ ಒಪ್ಪಿಗೆ ಕೊಡಲಿಲ್ಲ, ಮಾರಾಟ ಅಲ್ಲಿಗೇ ನಿಂತಿತು. ಡಾಟ್ ಕಾಮ್, ಡಾಟ್ ಆರ್ಗ್ ಥರದ ಹೆಸರುಗಳನ್ನು ನಡೆಸುವವರು ಐಕ್ಯಾನ್ ಜೊತೆ ಒಪ್ಪಂದ ಮಾಡಿಕೊಂಡಿರುತ್ತಾರೆ, ಅಲ್ಲಿ ಅದಕ್ಕೆ ಹಿಡಿತ ಇದೆ. ದೇಶಗಳ ಎರಡಕ್ಷರದ ಹೆಸರುಗಳಲ್ಲಿ ಆ ಹಿಡಿತ ತೀರಾ ಕಡಿಮೆ, ಅಲ್ಲಿನ ನಿಯಮ ಅಲ್ಲಿನವರದು. ಒಂದೇ ಕ್ರಿಯಾಪದ ಎರಡಕ್ಕೂ ಹೊಂದಬೇಕು. ಕಷ್ಟ ಇರುವುದೇ ಇಲ್ಲಿ.

ನನಗೆ ಕೊನೆಗೆ ಸಿಕ್ಕ ಪದ 'ಉಸ್ತುವಾರಿ'. ಉಸ್ತುವಾರಿ ವಹಿಸಿಕೊಂಡವರು ಒಡೆಯರಲ್ಲ. ಆದರೆ ಸುಮ್ನೆ ಕೂತವರೂ ಅಲ್ಲ. ಕೆಲಸ ಕೆಟ್ಟರೆ ಮೊದಲು ಕೇಳುವುದು ಅವರನ್ನೇ. ಬೇಕಾದಾಗ ಬೇಡ ಅನ್ನುವ ಹಕ್ಕೂ ಅವರಿಗಿರುತ್ತದೆ. 'ಆಡಳಿತ'ದಲ್ಲಿ ಸರ್ಕಾರದ ವಾಸನೆ ಇದೆ, 'ನಿರ್ವಹಣೆ'ಯಲ್ಲಿ ರಿಪೇರಿಯ ವಾಸನೆ ಇದೆ. ಉಸ್ತುವಾರಿಯಲ್ಲಿ ಹೊಣೆ ಇದೆ.

ಈ ಪದ ಹಿಡಿಸಿದ್ದಕ್ಕೆ ಇನ್ನೊಂದು ಕಾರಣವೂ ಉಂಟು. ಐಕ್ಯಾನ್ ಹುಟ್ಟಿದ್ದು 1998ರಲ್ಲಿ. ಅದಕ್ಕೂ ಮುಂಚೆ ಈ ಹೆಸರು, ನಂಬರುಗಳ ಲೆಕ್ಕ ಇಟ್ಟುಕೊಂಡಿದ್ದವರು ಜಾನ್ ಪೋಸ್ಟೆಲ್ ಎಂಬ ಕಂಪ್ಯೂಟರ್ ವಿಜ್ಞಾನಿ. 1994ರ ಮಾರ್ಚ್‌ನಲ್ಲಿ ಅವರು ಬರೆದ ಆರ್‌ಎಫ್‌ಸಿ 1591 ಎಂಬ ದಾಖಲೆಯಲ್ಲಿ ಒಂದು ಮಾತಿದೆ. ಡೊಮೇನುಗಳ ವಿಷಯದಲ್ಲಿ ಹಕ್ಕು, ಒಡೆತನ ಎಂದು ಚಿಂತಿಸುವುದು ಸರಿಯಲ್ಲ, ಹೊಣೆ ಮತ್ತು ಸೇವೆಯ ಬಗ್ಗೆ ಚಿಂತಿಸುವುದು ಸರಿ ಅನ್ನುವ ಅರ್ಥದ್ದು. ಹೆಸರು ನೋಡಿಕೊಳ್ಳುವವರನ್ನು ಅವರು ಟ್ರಸ್ಟಿ ಎಂದು ಕರೆದಿದ್ದಾರೆ. ಯಾವುದು ದೇಶ, ಯಾವುದಲ್ಲ ಎಂದು ತೀರ್ಮಾನಿಸುವುದೂ ನಮ್ಮ ಕೆಲಸವಲ್ಲ, ಅದಕ್ಕೆ ದೇಶಗಳ ಸಂಕೇತಾಕ್ಷರಗಳ ಐಎಸ್ಒ 3166 ಪಟ್ಟಿ ಇದೆ ಎಂದು ಅದರಲ್ಲೇ ಬರೆದುಬಿಟ್ಟಿದ್ದಾರೆ. ಓದಿದಾಗ ನನಗೆ ಉಸ್ತುವಾರಿ ಅನ್ನುವ ಪದವೇ ಕಿವಿಯಲ್ಲಿ ಕೇಳಿಸಿತು. ಪೋಸ್ಟೆಲ್ ತೀರಿಕೊಂಡದ್ದು 1998ರ ಅಕ್ಟೋಬರಿನಲ್ಲಿ, ಐಕ್ಯಾನ್ ಆಗಿನ್ನೂ ಕಣ್ಣು ಬಿಡುತ್ತಿತ್ತು.

2016ರ ಅಕ್ಟೋಬರ್ 1ರ ತನಕ ಅಮೆರಿಕ ಸರ್ಕಾರದ ಒಪ್ಪಂದವೂ ಇದರ ಮೇಲಿತ್ತು, ಆಮೇಲೆ ಅದು ಮುಗಿಯಿತು. ಆ ಬದಲಾವಣೆಗೆ ಇಂಗ್ಲಿಷಿನಲ್ಲಿ ಸ್ಟುವರ್ಡ್‌ಶಿಪ್ ಟ್ರಾನ್ಸಿಷನ್ ಅಂದರು. 'ಉಸ್ತುವಾರಿಯ ಕೈ ಬದಲು' ಎಂದು ಬರೆದೆ. ನಿಮಗೆ ಹೇಗನಿಸುತ್ತದೆ?

ಇನ್ನು 'ಡೆಲಿಗೇಶನ್'. ಇದನ್ನು 'ನಿಯೋಗ' ಎಂದು ಮಾಡಿದ್ದನ್ನು ಎರಡು ಮೂರು ಕಡೆ ನೋಡಿದೆ. ನಿಯೋಗ ಅಂದರೆ ಮನವಿ ಹಿಡಿದುಕೊಂಡು ಮಂತ್ರಿಯನ್ನು ಕಾಣಲು ಹೋಗುವ ಗುಂಪು. ಇಲ್ಲಿ ಆಗುವುದೇ ಬೇರೆ. ರೂಟ್ ಜೋನ್ ಕಡತ, ಅಂದರೆ ರೂಟ್ ಸರ್ವರುಗಳು ಹಂಚುವ ಆ ಪಟ್ಟಿ, ತೆರೆದು ನೋಡಿದರೆ ಡೆಲಿಗೇಶನ್ನಿನ ಒಂದೊಂದು ಸಾಲು ಹೀಗಿರುತ್ತದೆ: ಮೊದಲು ಒಂದು ಹೆಸರು, ಡಾಟ್ ಕಾಮ್ ಅಂತಲೇ ಇಟ್ಟುಕೊಳ್ಳಿ. ಅದರ ಮುಂದೆ 172800, ಅಂದರೆ ಇಷ್ಟು ಸೆಕೆಂಡು ಇದನ್ನು ನೆನಪಿಟ್ಟುಕೋ ಎಂದು, ಎರಡು ದಿನ. ಕೊನೆಗೆ ಎನ್ಎಸ್ (ನೇಮ್ ಸರ್ವರ್) ಎಂದು ಬರೆದು ಒಂದು ಸರ್ವರಿನ ಹೆಸರು. ಅಷ್ಟೇ. 'ಇದರ ವಿಷಯ ನನಗೆ ಗೊತ್ತಿಲ್ಲ, ಅವರನ್ನು ಕೇಳು' ಅನ್ನುವುದನ್ನು ಒಂದು ಸಾಲಿನಲ್ಲಿ ಬರೆದ ಹಾಗೆ. ಇದಕ್ಕೆ 'ವಹಿಸಿಕೊಡು' ಎಂಬ ನಮ್ಮ ಮಾತು ಸಾಕಲ್ವಾ? 'ಡಾಟ್ ಕಾಮ್ ಅನ್ನು ವೆರಿಸೈನ್ ಎಂಬ ಕಂಪನಿಗೆ ವಹಿಸಿಕೊಡಲಾಗಿದೆ.' ಉಸ್ತುವಾರಿ ವಹಿಸು ಎಂದು ನಾವು ಮೊದಲಿಂದ ಹೇಳುತ್ತಿರುವುದರಿಂದ ಎರಡೂ ಪದ ಒಂದಕ್ಕೊಂದು ಆತುಕೊಳ್ಳುತ್ತವೆ.

'ಕೀ' ಅನ್ನುವುದೂ ಒಂದು ತೊಡಕು. ಆ ರೂಟ್ ಕಡತಕ್ಕೆ 2010ರಿಂದ ಡಿಜಿಟಲ್ ಸಹಿ ಇದೆ. ಸಹಿಗೆ ಬೇಕಾದ ಕೀಯನ್ನು, ಅಂದರೆ ಗುಟ್ಟಾಗಿಡುವ ಒಂದು ದೊಡ್ಡ ಸಂಖ್ಯೆಯನ್ನು, ಅಮೆರಿಕದ ಎರಡು ಊರಿನಲ್ಲಿ ತಿಜೋರಿಯೊಳಗೆ ಇಟ್ಟಿದ್ದಾರೆ, ಒಂದು ಎಲ್ ಸೆಗುಂಡೋ, ಇನ್ನೊಂದು ಕಲ್ಪೆಪರ್. ಸಾಮಾನ್ಯವಾಗಿ ವರ್ಷಕ್ಕೆ ನಾಲ್ಕು ಸಲ ಜನ ಸೇರಿ, ಕ್ಯಾಮೆರಾ ಮುಂದೆ, ಬರೆದಿಟ್ಟ ಹೆಜ್ಜೆಗಳನ್ನು ಒಂದೊಂದಾಗಿ ಓದಿ ಗುರುತು ಹಾಕುತ್ತಾ ಅದನ್ನು ಹೊರಗೆ ತೆಗೆಯುತ್ತಾರೆ. ಆ ಕೀ ಬಳಸಲು ಬೇಕಾದ ಸ್ಮಾರ್ಟ್ ಕಾರ್ಡಿನ ಜವಾಬ್ದಾರಿ ಹೊತ್ತ ಏಳು ಜನರಲ್ಲಿ ಮೂವರಾದರೂ ಬರಲೇಬೇಕು. 2020ರ ಫೆಬ್ರವರಿಯಲ್ಲಿ ಒಂದು ತಿಜೋರಿಯ ಬೀಗವೇ ಕೆಟ್ಟು, ಅದನ್ನು ಕೊರೆದು ತೆಗೆಸಿ, ಕೆಲವು ದಿನ ತಡವಾಗಿ ಈ ಕೆಲಸ ಮುಗಿಸಿದರು. 'ಕೀಲಿ' ಎಂದು ಬರೆದರೆ ಕೆಲವು ಕಡೆ ಬೀಗ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ಬೀಗವೂ ತಿಜೋರಿಯೂ ಒಟ್ಟಿಗೆ ಬರುವ ಇಂಥ ಕಥೆಯಲ್ಲಿ ಅದು ಪೂರ್ತಿ ಗೊಂದಲ. ಹಾಗಾಗಿ 'ಕೀಲಿಕೈ' ಎಂದೇ ಬರೆಯುತ್ತಿದ್ದೇನೆ.

ರಿಜಿಸ್ಟ್ರಿ, ರಿಜಿಸ್ಟ್ರಾರ್, ರಿಜಿಸ್ಟ್ರಂಟ್ ಈ ಮೂರನ್ನು 'ಪುಸ್ತಕ ಇಟ್ಟವರು, ಬರೆಸಿಕೊಡುವವರು, ಬರೆಸಿಕೊಂಡವರು' ಎಂದು ಒಮ್ಮೆ ಬಿಡಿಸಿ ಹೇಳಿ, ಆಮೇಲೆ ಇಂಗ್ಲಿಷ್ ಪದವನ್ನೇ ಉಳಿಸಿಕೊಳ್ಳುತ್ತೇನೆ. ರಿಜಿಸ್ಟ್ರಾರ್‌ಗೆ 'ಕುಲಸಚಿವ' ಎಂದು ದಯವಿಟ್ಟು ಯಾರೂ ಬರೆಯಬೇಡಿ, ಅದು ವಿಶ್ವವಿದ್ಯಾಲಯದ್ದು.

ಆದರೆ 'ಡೊಮೇನ್ ಕೊಂಡೆ' ಅನ್ನುವ ಮಾತನ್ನು ಮಾತ್ರ ಬಿಡಬೇಕು ಅನಿಸುತ್ತದೆ. ಡಾಟ್ ಕಾಮ್ ಹೆಸರನ್ನು ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷಕ್ಕೆ ಬರೆಸಿಕೊಳ್ಳಬಹುದು, ಅವಧಿ ಮುಗಿಯುವ ಮುಂಚೆ ನವೀಕರಿಸುತ್ತಾ ಹೋಗಬೇಕು. ನನ್ನದೇ ಒಂದು ಹೆಸರಿನ ನವೀಕರಣ ಹಿಂದೆ ತಪ್ಪಿಹೋಯಿತು. ಬರೆಸಿಕೊಟ್ಟವರಿಂದ ನೆನಪಿನ ಇಮೇಲ್ ನನ್ನ ಹಳೇ ವಿಳಾಸಕ್ಕೆ ಹೋಗಿತ್ತು. ಪುಣ್ಯಕ್ಕೆ ಅದಿನ್ನೂ ರಿಡೆಂಪ್ಶನ್ ಎಂಬ 30 ದಿನದ ಅವಧಿಯಲ್ಲಿತ್ತು, ಹೆಚ್ಚು ಹಣ ಕಟ್ಟಿ ವಾಪಸ್ ಪಡೆದೆ. ಅಡವಿಟ್ಟ ಒಡವೆಯನ್ನು ಬಿಡಿಸಿಕೊಂಡ ಹಾಗೇ ಇತ್ತು. ಆದ್ದರಿಂದ ಆ ಅವಧಿಗೆ 'ಬಿಡಿಸಿಕೊಳ್ಳುವ ಗಡುವು' ಎಂದು ಹೆಸರಿಟ್ಟಿದ್ದೇನೆ.

ಒಂದು ಪದ ಇನ್ನೂ ಬಗೆಹರಿದಿಲ್ಲ. ಸರ್ಕಾರಗಳು, ಕಂಪನಿಗಳು, ತಾಂತ್ರಿಕ ಜನ, ನಮ್ಮಂಥ ಬಳಕೆದಾರರು ಎಲ್ಲರೂ ಕೂತು ತೀರ್ಮಾನಿಸುವ ಕ್ರಮಕ್ಕೆ ಮಲ್ಟಿ ಸ್ಟೇಕ್‌ಹೋಲ್ಡರ್ ಅನ್ನುತ್ತಾರೆ. 'ಬಹುಪಾಲುದಾರ' ಅಂದರೆ ಪಾಲಿಗೆ ಜಗಳ ಆಡುವವರ ಹಾಗೆ ಕೇಳಿಸುತ್ತದೆ, ಇಲ್ಲಿ ಯಾರಿಗೂ ಪಾಲು ಇಲ್ಲ. 'ಸಂಬಂಧಪಟ್ಟವರೆಲ್ಲ ಸೇರಿ' ಎಂದು ವಾಕ್ಯದಲ್ಲಿ ಹೇಳಬಹುದು, ಆದರೆ ಅದು ಉದ್ದವಾಯಿತು, ತಲೆಬರಹದಲ್ಲಿ ಕೂರುವುದಿಲ್ಲ. ಎರಡು ಮೂರು ಅಕ್ಷರದಲ್ಲಿ ಮುಗಿಯುವ, ಮಾತಿನಲ್ಲಿ ಈಗಾಗಲೇ ಓಡಾಡುತ್ತಿರುವ ಪದ ಯಾರಿಗಾದರೂ ಹೊಳೆಯುತ್ತದಾ?